ತಪ್ಪಿದ ತಾರೀಖು, ಬಾಗಿಲಿಗೆ ಅಂಟಿದ ಉದ್ಘೋಷಣೆ

(ಧಾರವಾಡದಲ್ಲಿ ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



'ಘೋಷಿತ ಅಪರಾಧಿ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕಣ್ಣ ಮುಂದೆ ನಿಲ್ಲುವುದು ಕೊಲೆಗಾರನ ಅಥವಾ ದರೋಡೆಕೋರನ ಚಿತ್ರ. ಆದರೆ ಈ ಹೆಸರು ಅಂಟಿಕೊಳ್ಳಲು ಯಾವ ಅಪರಾಧವೂ ಸಾಬೀತಾಗಿರಬೇಕಿಲ್ಲ. ಆತ ವಾರಂಟಿಗೆ ಸಿಗಲಿಲ್ಲ, ತಲೆಮರೆಸಿಕೊಂಡಿದ್ದಾನೆ ಎಂದು ನ್ಯಾಯಾಲಯಕ್ಕೆ ತೋರಿದರೆ ಸಾಕು. ವಿಚಾರಣೆಯೇ ಮುಗಿಯದ ಮನುಷ್ಯನನ್ನು 'ಅಪರಾಧಿ' ಎನ್ನುವ ಈ ಪದ ಭಾಷೆಯ ದೃಷ್ಟಿಯಿಂದಲೂ ಅನ್ಯಾಯದ್ದು. ಕಾಡು, ನೀರು, ನೆಲದ ಪ್ರಶ್ನೆಗಾಗಿ ರಸ್ತೆಗಿಳಿದವರಲ್ಲಿ ಎಷ್ಟೋ ಮಂದಿಗೆ ತಮ್ಮ ಮೇಲೊಂದು ಮೊಕದ್ದಮೆ ಇನ್ನೂ ಜೀವಂತವಾಗಿದೆ ಎಂಬ ಅರಿವಿರುವುದಿಲ್ಲ. ಆದುದರಿಂದ ಈ ವಿಷಯವನ್ನು ವಕೀಲರಿಗೇ ಬಿಟ್ಟುಕೊಡದೆ ಹಳ್ಳಿಯ ಜನರೂ ವಿದ್ಯಾರ್ಥಿಗಳೂ ತಿಳಿದುಕೊಳ್ಳುವುದು ಅಗತ್ಯ.

ಹುಬ್ಬಳ್ಳಿ ನಗರವೇ ಈ ಪಾಠವನ್ನು ಎರಡು ಬಾರಿ ದೇಶಕ್ಕೆ ಕಲಿಸಿದೆ. 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ಧ್ವಜ ವಿವಾದ ಗೋಲಿಬಾರಿನಲ್ಲಿ, ಸಾವುಗಳಲ್ಲಿ ಕೊನೆಗೊಂಡಿತು. ಆ ಸಂಬಂಧದ ಮೊಕದ್ದಮೆಯೊಂದರಲ್ಲಿ ಉಮಾ ಭಾರತಿಯವರು ಆರೋಪಿಯಾಗಿದ್ದರು. ಹತ್ತು ವರ್ಷಗಳ ನಂತರ, 2004ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿಯ ನ್ಯಾಯಾಲಯದ ಜಾಮೀನುರಹಿತ ವಾರಂಟು ಎದುರಾದಾಗ ಅವರು ಮಧ್ಯಪ್ರದೇಶದ ಮುಖ್ಯಮಂತ್ರಿಯಾಗಿದ್ದರು. ಪದವಿಗೆ ರಾಜೀನಾಮೆಯಿತ್ತು ಹುಬ್ಬಳ್ಳಿಗೆ ಬಂದು ನ್ಯಾಯಾಲಯಕ್ಕೆ ಶರಣಾದರು. ನ್ಯಾಯಾಂಗ ಬಂಧನದಲ್ಲಿದ್ದು, ಸೆಪ್ಟೆಂಬರ್‌ನಲ್ಲಿ ಸರ್ಕಾರವು ಪ್ರಕರಣವನ್ನು ಹಿಂಪಡೆದ ಮೇಲೆ ಹೊರಬಂದರು. ಆ ರಾಜಕಾರಣದ ಬಗೆಗೆ ಯಾರ ಅಭಿಪ್ರಾಯ ಏನೇ ಇರಲಿ, ಮುಖ್ಯಮಂತ್ರಿಯ ಕುರ್ಚಿಯೂ ಒಂದು ವಾರಂಟಿನ ಮುಂದೆ ನಿಲ್ಲಲಿಲ್ಲವೆಂಬುದು ನಿಜ.

ಎರಡನೆಯದು ಸಾಮಾನ್ಯ ಮನುಷ್ಯನ ಕಥೆ. 1992ರ ಡಿಸೆಂಬರ್‌ನ ಗಲಭೆಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಹುಬ್ಬಳ್ಳಿಯ ನಿವಾಸಿಯೊಬ್ಬರನ್ನು ಪೊಲೀಸರು 2023ರ ಡಿಸೆಂಬರ್ ಕೊನೆಯಲ್ಲಿ ಬಂಧಿಸಿದರು. ನಡುವೆ 31 ವರ್ಷಗಳು ಕಳೆದಿದ್ದವು. ಬಹುಕಾಲದಿಂದ ಬಾಕಿಯುಳಿದ ಪ್ರಕರಣಗಳ ಪಟ್ಟಿಯನ್ನು ವಿಲೇವಾರಿ ಮಾಡುತ್ತಿದ್ದೇವೆಂಬುದು ಪೊಲೀಸರ ವಿವರಣೆ. ರಾಜ್ಯವೆಲ್ಲ ಗದ್ದಲವೆದ್ದ ಬಳಿಕ 2024ರ ಜನವರಿ ಮೊದಲ ವಾರದಲ್ಲಿ ಅವರಿಗೆ ಜಾಮೀನು ದೊರೆಯಿತು. ವಾರಂಟು ಹಳತಾಗಿ ತಾನಾಗಿಯೇ ಸಾಯುವುದಿಲ್ಲ. ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂ ಹೀಗೆಯೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಕೂಡ ಹೀಗೆಯೇ ಹೇಳುತ್ತದೆ.

ಇನ್ನು ಮಲೆನಾಡಿನ ಕಡೆಗೆ ಬರೋಣ. ಯಲ್ಲಾಪುರದ ಕಡೆಯ ಅಡಿಕೆ ಬೆಳೆಗಾರನೊಬ್ಬನನ್ನು ಊಹಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ನಡೆದ ರಸ್ತೆ ತಡೆಯಲ್ಲಿ ಇಪ್ಪತ್ತೈದು ಜನರೊಡನೆ ಅವನೂ ಕುಳಿತಿದ್ದ. ಹೆಸರು, ಊರು ಬರೆದುಕೊಂಡ ಪೊಲೀಸರು ಸಂಜೆ ಬಿಟ್ಟು ಕಳುಹಿಸಿದರು. ಭಾರತೀಯ ದಂಡ ಸಂಹಿತೆಯ 143, 283 ಮತ್ತು 341ನೇ ಕಲಂಗಳಡಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಮೊದಲ ಎರಡು ತಾರೀಖುಗಳಿಗೆ ಆತ ಬಸ್ಸು ಹಿಡಿದು ಬಂದ. ಮೂರನೆಯದು ಜುಲೈ ತಿಂಗಳ ನಡುವಿಗೆ ಬಿತ್ತು.

ಅಡಿಕೆ ತೋಟವನ್ನು ಬಲ್ಲವರಿಗೆ ಜುಲೈ ಎಂದರೆ ಏನೆಂದು ಹೇಳಬೇಕಾಗಿಲ್ಲ. ಕೊಳೆರೋಗ ತಡೆಯಲು ಮುಂಗಾರಿನ ಆರಂಭದಲ್ಲೊಮ್ಮೆ, ಅದಾದ 40–45 ದಿನಕ್ಕೆ ಮತ್ತೊಮ್ಮೆ ಬೋರ್ಡೋ ಮಿಶ್ರಣವನ್ನು ಗೊನೆಗಳಿಗೆ ಸಿಂಪಡಿಸಲೇಬೇಕು. ಮದ್ದು ಗೊನೆಯ ಮೇಲೆ ಒಣಗಲು ಮಳೆ ಕೆಲವು ತಾಸಾದರೂ ಹೊಳವಾಗಬೇಕು. ಆ ಹೊಳವು ಯಾವ ದಿನ ಸಿಕ್ಕೀತೆಂದು ಪಂಚಾಂಗವೂ ಹೇಳದು. ಕೊನೆಗೌಡ ಸಿಗುವುದು ಊರಿಗೆಲ್ಲ ಒಬ್ಬ ಅಥವಾ ಇಬ್ಬರು. ಅವನು ಬರುವ ದಿನವೂ ಮಳೆ ಬಿಟ್ಟ ದಿನವೂ ನ್ಯಾಯಾಲಯದ ತಾರೀಖೂ ಒಂದೇ ಆದರೆ ಬೆಳೆಗಾರ ಯಾವುದನ್ನು ಬಿಡಬೇಕು? ಹೆಚ್ಚಿನವರು ಬಿಡುವುದು ತಾರೀಖನ್ನೇ. ವಕೀಲರಿಗೊಂದು ಫೋನು ಮಾಡಿ, ಕಾರಣ ತಿಳಿಸಿ, ವಿನಾಯಿತಿ ಅರ್ಜಿ ಹಾಕಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಳೆಯ ಸಂಹಿತೆಯ 205 ಮತ್ತು 317ನೇ ಕಲಂಗಳು, ಹೊಸದರ 228 ಮತ್ತು 355ನೇ ಕಲಂಗಳು ಇರುವುದು ಅದಕ್ಕಾಗಿಯೇ. ಆದರೆ ಘಟ್ಟದ ಮಳೆಯಲ್ಲಿ ಫೋನಿನ ಸಂಪರ್ಕವೂ ಕೊಳೆಯುತ್ತದೆ!

ಅಲ್ಲಿಂದ ಮುಂದೆ ಕಡತ ತನ್ನ ಪಾಡಿಗೆ ನಡೆಯುತ್ತದೆ. ಆರೋಪಿ ಗೈರುಹಾಜರು, ವಾರಂಟು, ಜಾಮೀನುದಾರನಿಗೆ ನೋಟಿಸು. ದೋಷಾರೋಪ ಪಟ್ಟಿಯಲ್ಲಿರುವ ವಿಳಾಸ ಊರಿನ ಹೆಸರು ಮಾತ್ರ. ಮಲೆನಾಡಿನ ಊರೆಂದರೆ ಬಯಲುಸೀಮೆಯ ಊರಿನಂತೆ ಮನೆಗೆ ಮನೆ ತಾಗಿದ ಓಣಿಯಲ್ಲ. ಒಂದೊಂದು ಕಣಿವೆಗೆ ಒಂದೊಂದು ಮನೆ. ವಾರಂಟು ಹಿಡಿದ ಪೇದೆ ಬಸ್ಸು ನಿಲ್ಲುವಲ್ಲಿ ವಿಚಾರಿಸಿ, 'ಆರೋಪಿ ಸಿಕ್ಕಿಲ್ಲ' ಎಂದು ವರದಿ ಬರೆದು ಹಿಂದಿರುಗಿರಲೂಬಹುದು. ಇಂತಹ ಎರಡು ಮೂರು ವರದಿಗಳು ಒಂದರ ಮೇಲೊಂದು ಕುಳಿತಾಗ, ತನ್ನ ತೋಟದಲ್ಲಿಯೇ ಸೊಪ್ಪು ಹೊರುತ್ತಿದ್ದ ಮನುಷ್ಯ ಕಡತದಲ್ಲಿ 'ತಲೆಮರೆಸಿಕೊಂಡವ'ನಾಗುತ್ತಾನೆ. ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಬಂಧನದ ದಿನ ಅವರು ಕೊಟ್ಟ ವಿಳಾಸ ಧಾರವಾಡದ ವಸತಿನಿಲಯದ್ದು. ವಾರಂಟು ಬರುವಾಗ ಅವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಉದ್ಯೋಗದಲ್ಲಿರುತ್ತಾರೆ. ವಿಷಯ ತಿಳಿಯುವುದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ. ನ್ಯಾಯಾಲಯದ ವಾರಂಟು ಬಾಕಿಯಿರುವುದು 1967ರ ಪಾಸ್‌ಪೋರ್ಟ್ ಕಾಯಿದೆಯಡಿ ಪಾಸ್‌ಪೋರ್ಟ್ ನಿರಾಕರಣೆಗೆ ಒಂದು ಕಾರಣ.

ಈಗ ಕಾನೂನಿನ ಹೃದಯಕ್ಕೆ ಬರಬೇಕು. ಹಳೆಯ ಸಂಹಿತೆಯ 82ನೇ ಕಲಂ ಹೊಸ ಸಂಹಿತೆಯಲ್ಲಿ 84ನೆಯದಾಗಿದೆ. 2024ರ ಜುಲೈಗೆ ಮೊದಲೇ ಬಾಕಿಯಿದ್ದ ವಿಚಾರಣೆಗಳನ್ನು ಹಳೆಯ ಸಂಹಿತೆಯಂತೆಯೇ ಮುಂದುವರಿಸಲು ಹೊಸದರ 531ನೇ ಕಲಂ ಅವಕಾಶವಿಟ್ಟಿದೆ. ಎರಡರ ಮಾತೂ ಬಹುಮಟ್ಟಿಗೆ ಒಂದೇ. ಮೊದಲು ವಾರಂಟು ಹೊರಟಿರಬೇಕು. ಆ ವಾರಂಟು ಜಾರಿಯಾಗದಂತೆ ವ್ಯಕ್ತಿ ಪರಾರಿಯಾಗಿದ್ದಾನೆ ಅಥವಾ ಅಡಗಿಕೊಂಡಿದ್ದಾನೆ ಎಂದು ನಂಬಲು ನ್ಯಾಯಾಲಯಕ್ಕೆ ಕಾರಣವಿರಬೇಕು. ಆಮೇಲಷ್ಟೇ ಇಂತಹ ಸ್ಥಳಕ್ಕೆ, ಇಂತಹ ವೇಳೆಗೆ ಹಾಜರಾಗು ಎಂಬ ಲಿಖಿತ ಉದ್ಘೋಷಣೆ. ಉದ್ಘೋಷಣೆ ಪ್ರಕಟವಾದ ದಿನದಿಂದ ಹಾಜರಾಗಬೇಕಾದ ದಿನಕ್ಕೆ ಕನಿಷ್ಠ 30 ದಿನಗಳ ಅಂತರವಿರಬೇಕು.

'ಪ್ರಕಟವಾದ ದಿನದಿಂದ' ಎಂಬ ಮಾತನ್ನು ಗಮನಿಸಬೇಕು. ನ್ಯಾಯಾಧೀಶರು ಆದೇಶ ಬರೆದ ದಿನದಿಂದಲ್ಲ. ಜೂನ್ 1ರಂದು ಆದೇಶವಾಗಿ, ಜುಲೈ 5ಕ್ಕೆ ಹಾಜರಾಗಬೇಕೆಂದಿದ್ದು, ಪೇದೆ ಅದನ್ನು ಊರಿಗೆ ತಂದು ಅಂಟಿಸಿದ್ದು ಜೂನ್ 20ಕ್ಕಾದರೆ, ಆರೋಪಿಗೆ ದೊರೆತದ್ದು ಹದಿನೈದೇ ದಿನ. ಅಂತಹ ಉದ್ಘೋಷಣೆ ಕಾನೂನಿನ ಅಳತೆಗೆ ನಿಲ್ಲುವುದಿಲ್ಲ. ಇಂತಹ ಆದೇಶಗಳು ಉಚ್ಚ ನ್ಯಾಯಾಲಯಗಳಲ್ಲಿ ಬಿದ್ದುಹೋಗುವುದಕ್ಕೆ ಈ ದಿನಗಣನೆ ಒಂದು ಸಾಮಾನ್ಯ ಕಾರಣ.

ಪ್ರಕಟಿಸುವ ರೀತಿಯನ್ನೂ ಕಾನೂನೇ ಹೇಳಿದೆ. ಆತ ಸಾಮಾನ್ಯವಾಗಿ ವಾಸಿಸುವ ಊರಿನ ಎದ್ದುಕಾಣುವ ಸ್ಥಳದಲ್ಲಿ ಅದನ್ನು ಬಹಿರಂಗವಾಗಿ ಓದಬೇಕು. ಅವನ ಮನೆಯ ಎದ್ದುಕಾಣುವ ಭಾಗಕ್ಕೆ ಅಥವಾ ಊರಿನ ಅಂತಹ ಸ್ಥಳಕ್ಕೆ ಅಂಟಿಸಬೇಕು. ನ್ಯಾಯಾಲಯದ ಕಟ್ಟಡಕ್ಕೂ ಒಂದು ಪ್ರತಿಯನ್ನು ಅಂಟಿಸಬೇಕು. ಈ ಮೂರೂ ಆಗಬೇಕೆಂಬುದು, ಒಂದು ಮಾಡಿ ಇನ್ನೆರಡನ್ನು ಬಿಡುವಂತಿಲ್ಲವೆಂಬುದು ಹಲವು ಉಚ್ಚ ನ್ಯಾಯಾಲಯಗಳು ಒಪ್ಪಿರುವ ಅರ್ಥ. ಪತ್ರಿಕೆಯಲ್ಲಿ ಹಾಕಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ಹೆಚ್ಚುವರಿ ಕ್ರಮವೇ ಹೊರತು ಈ ಮೂರಕ್ಕೆ ಬದಲಿಯಲ್ಲ. ಊರ ಚಾವಡಿಯ ಮುಂದೆ ನಿಂತು ಓದಿದ್ದನ್ನು ಯಾರು ಕೇಳಿದರು, ಪಂಚರು ಯಾರು, ಯಾವ ಮನೆಯ ಬಾಗಿಲಿಗೆ ಅಂಟಿಸಿದರು ಎಂಬುದೆಲ್ಲ ಪೇದೆಯ ವರದಿಯಲ್ಲಿ ಇರಬೇಕು. ಹಳೆಯ ಕಾಲದ ಡಂಗುರದ ನೆರಳು ಈ ಕಲಂನಲ್ಲಿ ಇನ್ನೂ ಉಳಿದಿದೆ. ಡಂಗುರವಾದರೋ ಕಿವಿಗೆ ಬೀಳುತ್ತಿತ್ತು. ಈಗಿನದು ಎಷ್ಟೋ ಬಾರಿ ಕಾಗದದ ಮೇಲೆ ಮಾತ್ರ ಮೊಳಗುತ್ತದೆ.

ಇಲ್ಲೊಂದು ತೊಡಕಿದೆ. ಇಂತಹ ದಿನ ವಿಧಿವತ್ತಾಗಿ ಪ್ರಕಟಿಸಲಾಯಿತು ಎಂದು ನ್ಯಾಯಾಲಯವೇ ಲಿಖಿತವಾಗಿ ದಾಖಲಿಸಿದರೆ ಅದು ನಿರ್ಣಾಯಕ ಸಾಕ್ಷ್ಯವೆನಿಸುತ್ತದೆ. ಆದುದರಿಂದ ಕಡತದಲ್ಲಿ ಅಂತಹ ದಾಖಲೆ ಇದೆಯೇ, ಇದ್ದರೆ ಅದು ಪೇದೆಯ ವರದಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. 'ಉದ್ಘೋಷಣೆ ಜಾರಿಯಾಗಿದೆ, ಆರೋಪಿ ಗೈರು' ಎಂಬ ಒಂದು ಸಾಲು ಆ ದಾಖಲೆಯಾಗದು.

ಇದಕ್ಕಿಂತ ದೊಡ್ಡ ಭೇದವೊಂದು ಪೊಲೀಸ್ ಠಾಣೆಗಳಲ್ಲಿಯೂ ಮರೆತುಹೋಗುತ್ತದೆ. ಉದ್ಘೋಷಣೆ ಹೊರಟ ಪ್ರತಿಯೊಬ್ಬನೂ 'ಘೋಷಿತ ಅಪರಾಧಿ'ಯಲ್ಲ. 2005ರ ತಿದ್ದುಪಡಿಯಿಂದ ಸೇರಿದ 82(4)ನೇ ಉಪಕಲಂ ಪ್ರಕಾರ, ಕೊಲೆ, ದರೋಡೆ, ಸುಲಿಗೆ, ಮನೆಗೆ ಬೆಂಕಿಯಿಡುವುದು ಮೊದಲಾದ, ದಂಡ ಸಂಹಿತೆಯ ಹೆಸರಿಸಿದ ಕಲಂಗಳ ಆರೋಪವಿದ್ದವನನ್ನು ಮಾತ್ರ, ಅದೂ ವಿಚಾರಿಸಿದ ಮೇಲೆ, ಹಾಗೆ ಘೋಷಿಸಬಹುದು. ಹೊಸ ಸಂಹಿತೆ ಆ ಪಟ್ಟಿಯನ್ನು ತೆಗೆದು, ಹತ್ತು ವರ್ಷ ಅಥವಾ ಹೆಚ್ಚಿನ ಸೆರೆವಾಸ, ಜೀವಾವಧಿ ಅಥವಾ ಮರಣದಂಡನೆಗೆ ಗುರಿಯಾಗುವ ಅಪರಾಧಗಳೆಂದು ಬದಲಾಯಿಸಿದೆ. ಉಳಿದವರೆಲ್ಲ ಹೆಚ್ಚೆಂದರೆ 'ಉದ್ಘೋಷಿತ ವ್ಯಕ್ತಿ'ಗಳು. ದೆಹಲಿ, ಪಂಜಾಬ್–ಹರಿಯಾಣ ಉಚ್ಚ ನ್ಯಾಯಾಲಯಗಳು ಈ ಭೇದವನ್ನು ಸ್ಪಷ್ಟಪಡಿಸಿವೆ. ರಸ್ತೆ ತಡೆಯ, ಅಕ್ರಮ ಕೂಟದ ಆರೋಪಿಯನ್ನು 'ಘೋಷಿತ ಅಪರಾಧಿ'ಯೆಂದು ಬರೆದಿದ್ದರೆ ಆ ಮಾತೇ ಕಾನೂನುಬಾಹಿರ; ಪ್ರಶ್ನಿಸಲು ಅದೊಂದೇ ಆಧಾರ ಸಾಕು. ಭೇದ ಬರೀ ಹೆಸರಿನದಲ್ಲ. ಹೊಸ ಸಂಹಿತೆಯ 356ನೇ ಕಲಂ ಪ್ರಕಾರ ಆರೋಪಿಯ ಗೈರಿನಲ್ಲಿಯೇ ವಿಚಾರಣೆ ಮುಗಿಸಿ ತೀರ್ಪು ಕೊಡಲು ಅವಕಾಶವಿರುವುದು ಘೋಷಿತ ಅಪರಾಧಿಯ ವಿಷಯದಲ್ಲಿ.

ಶಿಕ್ಷೆಯ ಲೆಕ್ಕ ಇನ್ನೂ ವಿಚಿತ್ರ. ಊಹಿಸಿಕೊಂಡ ಆ ಬೆಳೆಗಾರನ ಮೇಲಿನ ಮೂಲ ಆರೋಪಗಳನ್ನು ನೋಡಿ: 143ನೇ ಕಲಂಗೆ ಗರಿಷ್ಠ ಆರು ತಿಂಗಳು, 341ಕ್ಕೆ ಒಂದು ತಿಂಗಳು, 283ಕ್ಕೆ ಇನ್ನೂರು ರೂಪಾಯಿ ದಂಡ. ಉದ್ಘೋಷಣೆಗೆ ಓಗೊಡದಿದ್ದುದಕ್ಕೆ ಅದೇ ದಂಡ ಸಂಹಿತೆಯ 174ಎ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಸೆರೆ. ಘೋಷಿತ ಅಪರಾಧಿಯಾದರೆ ಏಳು ವರ್ಷಗಳವರೆಗೆ. ಭಾರತೀಯ ನ್ಯಾಯ ಸಂಹಿತೆಯ 209ನೇ ಕಲಂ ಇದನ್ನೇ ಮುಂದುವರಿಸಿ, ಮೊದಲ ವರ್ಗಕ್ಕೆ ಸಮುದಾಯ ಸೇವೆಯ ಪರ್ಯಾಯವೊಂದನ್ನು ಸೇರಿಸಿದೆ. ತಾಯಿಗಿಂತ ಮಗು ಆರು ಪಟ್ಟು ದೊಡ್ಡದು! 2025ರ ಜನವರಿಯಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 174ಎ ಸ್ವತಂತ್ರ ಅಪರಾಧವೆಂದೂ, ಉದ್ಘೋಷಣೆ ಊರ್ಜಿತದಲ್ಲಿ ಇಲ್ಲವಾದ ಮೇಲೂ ಮೊಕದ್ದಮೆ ನಡೆಯಬಹುದೆಂದೂ ಹೇಳಿತು. ಆದರೆ ಮೂಲ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾಗಿದ್ದರೆ ಅದನ್ನು ಗಮನಕ್ಕೆ ತೆಗೆದುಕೊಂಡು ಮುಕ್ತಾಯಗೊಳಿಸಬಹುದೆಂದು ಹೇಳಿ, ಆ ವ್ಯಕ್ತಿಯನ್ನು ಬಿಡುಗಡೆಗೊಳಿಸಿತು. ಆದುದರಿಂದ ಉದ್ಘೋಷಣೆಯನ್ನು ತೆಗೆಸುವುದರ ಜೊತೆಗೆ, ಅದರಿಂದ ಹುಟ್ಟಿದ ಹೊಸ ಮೊಕದ್ದಮೆ ಏನಾದರೂ ಇದೆಯೇ ಎಂದು ಹುಡುಕಿ ಅದನ್ನೂ ಪ್ರಶ್ನಿಸಬೇಕು.

ಕೃಷಿಕರು ಹೆಚ್ಚು ಅಂಜಬೇಕಾದದ್ದು ಇದರ ಮುಂದಿನ ಕಲಂಗೆ. ಉದ್ಘೋಷಣೆ ಹೊರಟ ನಂತರ ನ್ಯಾಯಾಲಯವು ಕಾರಣಗಳನ್ನು ಬರೆದಿಟ್ಟು ಆಸ್ತಿ ಜಪ್ತಿಗೆ ಆದೇಶಿಸಬಹುದು. ಸರ್ಕಾರಕ್ಕೆ ಕಂದಾಯ ಕೊಡುವ ಜಮೀನಾದರೆ ಜಪ್ತಿ ಜಿಲ್ಲಾಧಿಕಾರಿಗಳ ಮೂಲಕ ನಡೆಯುತ್ತದೆ. ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು, ರಿಸೀವರನ್ನು ನೇಮಿಸಬಹುದು. ದನಕರುಗಳು ಅಥವಾ ಕೆಟ್ಟುಹೋಗುವ ವಸ್ತುಗಳಾದರೆ ಕೂಡಲೇ ಮಾರಿಸಲೂಬಹುದು. ಹಣ ಮಾತ್ರ ನ್ಯಾಯಾಲಯದ ಆದೇಶಕ್ಕೆ ಕಾಯುತ್ತ ಕೂಡುತ್ತದೆ. ಕಾನೂನು ಬರೆದವರ ಮನಸ್ಸಿನಲ್ಲಿ ಆಸ್ತಿಯೆಂದರೆ ಬೀಗ ಹಾಕಿ ಇಟ್ಟರೂ ಹಾಗೆಯೇ ಇರುವ ವಸ್ತು. ತೋಟ ಹಾಗಲ್ಲ. ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕು. ಒಂದು ಮಳೆಗಾಲ ಮದ್ದು ತಪ್ಪಿದರೆ ಆ ವರ್ಷದ ಫಸಲು ನೆಲದ ಪಾಲು, ರೋಗ ಸುಳಿಗೆ ಏರಿದರೆ ಮರವೇ ಹೋಗುತ್ತದೆ. ಬಸಿಗಾಲುವೆ ಎತ್ತಿಸದೆ ಬಿಟ್ಟ ತೋಟ ಬುಡ ಕೊಳೆಯುತ್ತದೆ. ರಿಸೀವರು ಕೊನೆಗೌಡನನ್ನು ಕರೆಸಿ ಮದ್ದು ಹೊಡೆಸುತ್ತಾರೆಯೇ? ಹಾಲು ಕೊಡುವ ಎಮ್ಮೆಯನ್ನು ಮಾರಿಸಿ ಹಣ ಜಮೆ ಇಟ್ಟರೆ ಎರಡು ವರ್ಷದ ಮೇಲೆ ಬರುವುದು ಹಣವೇ ಹೊರತು ಎಮ್ಮೆಯಲ್ಲ. ರಸ್ತೆ ತಡೆಯಂತಹ ಪ್ರಕರಣಗಳಲ್ಲಿ ಜಪ್ತಿಯವರೆಗೆ ಹೋಗುವುದು ವಿರಳವಾದರೂ ಕಾನೂನಿನ ಕೈ ಅಲ್ಲಿಯವರೆಗೆ ಚಾಚಬಲ್ಲದೆಂದು ತಿಳಿದಿರಬೇಕು.

ಇದಕ್ಕೂ ಪರಿಹಾರವಿದೆ. ಜಮೀನು ಅವಿಭಕ್ತ ಕುಟುಂಬದ್ದಾಗಿದ್ದರೆ ಅಣ್ಣತಮ್ಮಂದಿರು, ತಾಯಿ, ಹೆಂಡತಿ ತಮ್ಮ ಹಕ್ಕನ್ನು ಜಪ್ತಿಯಾದ ಆರು ತಿಂಗಳೊಳಗೆ ಅದೇ ನ್ಯಾಯಾಲಯದ ಮುಂದೆ ಮಂಡಿಸಬಹುದು. ಆರೋಪಿಯೇ ಎರಡು ವರ್ಷಗಳೊಳಗೆ ಹಾಜರಾಗಿ, ತಾನು ವಾರಂಟು ತಪ್ಪಿಸಲು ಪರಾರಿಯಾಗಿರಲಿಲ್ಲವೆಂದೂ, ಗೊತ್ತಾದ ದಿನಕ್ಕೆ ಬರಲು ಸಾಧ್ಯವಾಗುವಂತೆ ಉದ್ಘೋಷಣೆಯ ತಿಳುವಳಿಕೆ ತನಗಿರಲಿಲ್ಲವೆಂದೂ ರುಜುವಾತುಪಡಿಸಿದರೆ ಆಸ್ತಿ, ಮಾರಾಟವಾಗಿದ್ದರೆ ಅದರ ಹಣ, ಹಿಂದಕ್ಕೆ ಬರುತ್ತದೆ. ಆ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೂ ಅವಕಾಶವಿದೆ.

ಹಾಗಾದರೆ ಬಾಗಿಲಿಗೆ ಕಾಗದ ಅಂಟಿದುದನ್ನು ಕಂಡವನು ಮಾಡಬೇಕಾದದ್ದೇನು? ಮೊದಲ ಹೆಜ್ಜೆ ಕಾಗದದ್ದು, ವಾದದ್ದಲ್ಲ. ನ್ಯಾಯಾಲಯದ ಆದೇಶ ಪತ್ರಿಕೆ, ಹೊರಡಿಸಿದ ವಾರಂಟುಗಳು, ಪೇದೆಯ ವರದಿಗಳು, ಉದ್ಘೋಷಣೆ ಮತ್ತು ಅದನ್ನು ಪ್ರಕಟಿಸಿದ ಪಂಚನಾಮೆ – ಇವುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಪ್ರಕರಣದ ಈಗಿನ ಸ್ಥಿತಿಯನ್ನು ಇ-ಕೋರ್ಟ್ಸ್ ಮೂಲಕ ಫೋನಿನಲ್ಲಿಯೇ ನೋಡಬಹುದು. ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಗಳ ಒಂದು ಗುರುತು ಸಂಖ್ಯೆ ಇರುತ್ತದೆ.

ಎರಡನೆಯದಾಗಿ, ಹೆಚ್ಚಿನ ಸಣ್ಣ ಪ್ರಕರಣಗಳಲ್ಲಿ ಅತ್ಯಂತ ಹತ್ತಿರದ ದಾರಿಯೆಂದರೆ ವಕೀಲರೊಡನೆ ತಾನಾಗಿಯೇ ಅದೇ ನ್ಯಾಯಾಲಯಕ್ಕೆ ಹಾಜರಾಗಿ, ಗೈರಿಗೆ ಕಾರಣವನ್ನು ಪ್ರಮಾಣಪತ್ರದೊಡನೆ ವಿವರಿಸಿ, ವಾರಂಟು ಮತ್ತು ಉದ್ಘೋಷಣೆಯನ್ನು ಹಿಂಪಡೆಯುವಂತೆ ಕೋರುವುದು. ಆಸ್ಪತ್ರೆಯ ಚೀಟಿ, ಬೇರೆ ಜೈಲಿನಲ್ಲಿದ್ದ ದಾಖಲೆ, ವಿಳಾಸ ಬದಲಾದುದಕ್ಕೆ ಪಡಿತರ ಚೀಟಿ – ಏನಿದೆಯೋ ಅದನ್ನು ಕೊಡಬೇಕು. ಉದ್ಘೋಷಣೆಯ ಗುರಿ ಹಾಜರಾತಿ; ಮನುಷ್ಯನೇ ಬಂದು ನಿಂತ ಮೇಲೆ ಅದರ ಕೆಲಸ ಮುಗಿದಂತೆ. ನ್ಯಾಯಾಲಯ ದಂಡ ಹಾಕಬಹುದು, ಹೊಸ ಜಾಮೀನುದಾರನನ್ನು ಕೇಳಬಹುದು. ಉತಾರ ಹಿಡಿದ ಜಾಮೀನುದಾರನೊಬ್ಬನನ್ನು ಜೊತೆಗೇ ಕರೆದೊಯ್ಯುವುದು ಒಳಿತು. ಬಂಧನಕ್ಕೆ ಕಳುಹಿಸುವ ಸಂಭವವೂ ಇಲ್ಲದಿಲ್ಲ. 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲು ಸಮನ್ಸು, ಆಮೇಲೆ ಜಾಮೀನು ಸಹಿತ ವಾರಂಟು, ಅದೂ ಸಾಗದಿದ್ದರೆ ಮಾತ್ರ ಜಾಮೀನುರಹಿತ ವಾರಂಟು ಎಂಬ ಕ್ರಮವನ್ನು ಹೇಳಿದೆ. ಕೆಳಗಿನ ಮೆಟ್ಟಿಲುಗಳನ್ನು ಹಾರಿ ಮೇಲೇರಿದ ಆದೇಶವಾಗಿದ್ದರೆ ಈ ತೀರ್ಪನ್ನು ಮುಂದಿಡಬೇಕು.

ಅಲ್ಲಿ ಫಲಿಸದಿದ್ದರೆ ಸೆಷನ್ಸ್ ನ್ಯಾಯಾಲಯದಲ್ಲಿ ಪುನರೀಕ್ಷಣಾ ಅರ್ಜಿ. ಅದಕ್ಕೆ 90 ದಿನಗಳ ಕಾಲಮಿತಿ. ಅದರಾಚೆಗೆ ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರ – ಹಳೆಯ 482, ಹೊಸ 528ನೇ ಕಲಂ. 30 ದಿನಗಳ ಅಂತರವಿಲ್ಲ, ಓದಿಲ್ಲ, ಅಂಟಿಸಿಲ್ಲ, ನಂಬಲು ಕಾರಣ ದಾಖಲಿಸಿಲ್ಲ ಎಂಬಂತಹ ದೋಷಗಳಿಗೆ ಈ ದಾರಿ. ಉಚ್ಚ ನ್ಯಾಯಾಲಯ ಉದ್ಘೋಷಣೆಯನ್ನು ರದ್ದುಪಡಿಸುವಾಗಲೂ ಇಂತಿಷ್ಟು ದಿನಗಳೊಳಗೆ ವಿಚಾರಣಾ ನ್ಯಾಯಾಲಯಕ್ಕೆ ಹಾಜರಾಗಬೇಕೆಂದು ಷರತ್ತು ಹಾಕುವುದು ವಾಡಿಕೆ. ಆ ಷರತ್ತನ್ನೂ ಮರೆತರೆ ಮತ್ತೆ ಕತ್ತಲೆ. ಇನ್ನು ನಿರೀಕ್ಷಣಾ ಜಾಮೀನು: ಉದ್ಘೋಷಣೆಯಾದವನಿಗೆ ಅದು ಸಾಮಾನ್ಯವಾಗಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿದ್ದರೆ, ಅದು ಸಂಪೂರ್ಣ ನಿಷೇಧವಲ್ಲವೆಂದು 2024ರಲ್ಲಿ ಹೇಳಿದೆ.

ಉಚ್ಚ ನ್ಯಾಯಾಲಯವೆಂದರೆ ಈ ಭಾಗದ ಜನಕ್ಕೆ ಬೆಂಗಳೂರು, ನಾಲ್ಕು ನೂರು ಕಿಲೋಮೀಟರು, ರಾತ್ರಿ ಬಸ್ಸು ಎಂಬ ಕಾಲ ಹೋಗಿದೆ. 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಧಾರವಾಡ, ಹಾವೇರಿ, ಬೆಳಗಾವಿಗಳಂತೆ ಉತ್ತರ ಕನ್ನಡವೂ ಇದರ ವ್ಯಾಪ್ತಿಗೆ ಸೇರಿದೆ. ಈ ಪೀಠಕ್ಕಾಗಿ ವಕೀಲರೂ ಜನರೂ ವರ್ಷಗಟ್ಟಲೆ ಹೋರಾಡಿದರು. ವಕೀಲರಿಗೆ ಕೊಡಲು ಹಣವಿಲ್ಲದವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ತಾಲೂಕು ಸಮಿತಿಗೆ ಅರ್ಜಿ ಕೊಡಬಹುದು; ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರು ಆದಾಯದ ಪ್ರಶ್ನೆಯಿಲ್ಲದೆ ಅರ್ಹರು. ಸಹಾಯವಾಣಿ 15100.

ಚಳವಳಿಯ ಪ್ರಕರಣಗಳಲ್ಲಿ ವಿಶೇಷವಾಗಿ ಕಾಣುವ ಎರಡು ಬಲೆಗಳಿವೆ. ಒಂದು, 'ಸರ್ಕಾರ ಕೇಸು ವಾಪಸು ತೆಗೆದುಕೊಂಡಿದೆ' ಎಂಬ ಸುದ್ದಿ. 2016ರ ಜುಲೈನಲ್ಲಿ ಮಹಾದಾಯಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ನಂತರ ನವಲಗುಂದದಲ್ಲಿ, ಯಮನೂರಿನಲ್ಲಿ ನಡೆದುದನ್ನು ಈ ಸಭೆಗೆ ನೆನಪಿಸಬೇಕಿಲ್ಲ. ಮನೆಗಳಿಗೆ ನುಗ್ಗಿ ಹೊಡೆದರು, ನೂರಾರು ರೈತರ ಮೇಲೆ ಮೊಕದ್ದಮೆಗಳಾದವು. ಇಂತಹ ಹೋರಾಟಗಳ ನಂತರ ಕೇಸು ಹಿಂಪಡೆಯುವ ಭರವಸೆ ಬರುತ್ತದೆ, ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಜನರು ತಾರೀಖಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಸಂಪುಟದ ನಿರ್ಣಯದಿಂದ ಪ್ರಕರಣ ಮುಗಿಯುವುದಿಲ್ಲ. ಸರ್ಕಾರಿ ಅಭಿಯೋಜಕರು ತಮ್ಮ ವಿವೇಚನೆ ಬಳಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಿಗೆ ಕೊಡಬೇಕು – ಹಳೆಯ 321, ಹೊಸ 360ನೇ ಕಲಂ. 2022ರ ಏಪ್ರಿಲ್‌ನ ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆದೇಶಿಸಿತ್ತು. ಆ ಆದೇಶವನ್ನು ಉಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಸರ್ಕಾರಿ ಆದೇಶವನ್ನು ನಂಬಿ ಮನೆಯಲ್ಲಿ ಕುಳಿತಿದ್ದವನ ಗತಿ ಏನಾದೀತೆಂದು ಯೋಚಿಸಬಹುದು.

ಇನ್ನೊಂದು, ಬೇರ್ಪಡಿಸಿದ ಪ್ರಕರಣ. ಇಪ್ಪತ್ತೈದು ಆರೋಪಿಗಳಲ್ಲಿ ಒಬ್ಬ ಬಾರದಿದ್ದರೆ ಅವನ ಮೇಲಿನ ಪ್ರಕರಣವನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡುತ್ತಾರೆ. ಕಡತ ಬಹುಕಾಲ ಬಾಕಿಯಿರುವ ಪ್ರಕರಣಗಳ ಸಾಲಿಗೆ ಹೋಗುತ್ತದೆ. ಉಳಿದ ಇಪ್ಪತ್ತನಾಲ್ವರು ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿ ಊರಲ್ಲಿ ಸಿಹಿ ಹಂಚುತ್ತಾರೆ; 'ಎಲ್ಲರದೂ ಖುಲಾಸೆಯಾಯಿತು' ಎಂದು ಇಪ್ಪತ್ತೈದನೆಯವನೂ ತಿನ್ನುತ್ತಾನೆ. ಅವನ ಹೊಸ ಸಂಖ್ಯೆಯ ಕಡತ ಮಾತ್ರ ವಾರಂಟಿನೊಡನೆ ಉಳಿದಿರುತ್ತದೆ. ಒಂದೇ ಸಾಕ್ಷ್ಯದ ಮೇಲೆ ಉಳಿದವರೆಲ್ಲ ಬಿಡುಗಡೆಯಾಗಿ, ಇವನ ಮೇಲೆ ಪ್ರತ್ಯೇಕವಾದ ಆರೋಪವೇನೂ ಇಲ್ಲದಿದ್ದರೆ, ಬೇರ್ಪಡಿಸಿದ ಪ್ರಕರಣವನ್ನೇ ರದ್ದುಪಡಿಸುವಂತೆ ಉಚ್ಚ ನ್ಯಾಯಾಲಯವನ್ನು ಕೇಳಬಹುದು. ಕರ್ನಾಟಕ ಉಚ್ಚ ನ್ಯಾಯಾಲಯ ಈ ನ್ಯಾಯವನ್ನು ಅನೇಕ ಆದೇಶಗಳಲ್ಲಿ ಅನ್ವಯಿಸಿದೆ. ಸಂಘಟನೆಗಳು ಹೋರಾಟದ ಕರಪತ್ರವನ್ನು ಜೋಪಾನವಾಗಿ ಇಡುತ್ತವೆ, ಆರೋಪಿಗಳ ಪಟ್ಟಿಯನ್ನು ಇಡುವುದಿಲ್ಲ. ಇದು ಚಳವಳಿಗಳ ದೊಡ್ಡ ಲೋಪವೆಂದೇ ಹೇಳಬೇಕು.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಸಮುದಾಯದ ಭೂಮಿಯಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಜನರು ಹಗಲಿನಲ್ಲಿ, ಸಾರಿ ಹೇಳಿ ಕಿತ್ತರು. ಆ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಸತ್ಯಾಗ್ರಹಿಯ ಬಲವಿರುವುದು ತಾನು ಮಾಡಿದ್ದನ್ನು ನ್ಯಾಯಾಲಯದೆದುರು ಒಪ್ಪಿ ನಿಲ್ಲುವುದರಲ್ಲಿ. ಅಂಥವನ ಬಾಗಿಲಿಗೆ 'ತಲೆಮರೆಸಿಕೊಂಡಿದ್ದಾನೆ' ಎಂಬ ಕಾಗದ ಅಂಟಿದರೆ ಅವನೊಬ್ಬನಿಗೆ ಮಾತ್ರ ನಷ್ಟವಲ್ಲ. ಎದುರು ಪಕ್ಷಕ್ಕೆ ಸುಲಭದ ಮಾತೊಂದು ಸಿಕ್ಕಂತೆ. ಜಾಮೀನು ನಿಂತ ನೆರೆಯವನ ಮುಚ್ಚಳಿಕೆಯೂ ಮುಟ್ಟುಗೋಲಾಗುತ್ತದೆ. ಮುಂದಿನ ಹೋರಾಟಕ್ಕೆ ಉತಾರ ತರುವವರು ಸಿಗುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ವಿಷಯ. ವಾರಂಟು ಹಿಂಪಡೆದ ಆದೇಶ ನ್ಯಾಯಾಲಯದ ಕಡತದಲ್ಲಿದ್ದ ಮಾತ್ರಕ್ಕೆ ಠಾಣೆಗೆ ತಿಳಿಯುವುದಿಲ್ಲ. ಮುಂಬಯಿಯ ವಕೀಲರೊಬ್ಬರನ್ನೇ, ನ್ಯಾಯಾಲಯ ರದ್ದುಪಡಿಸಿದ್ದ ವಾರಂಟನ್ನು ಹಿಡಿದುಕೊಂಡು ಸ್ವಾತಂತ್ರ್ಯ ದಿನದಂದು ಪೊಲೀಸರು ಬಂಧಿಸಿದ್ದರು. ಆ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ವಾರಂಟುಗಳ ದಾಖಲೆಯಿಡುವ ಬಗೆಗೆ ನಿರ್ದೇಶನಗಳನ್ನು ಕೊಡಬೇಕಾಯಿತು. ಆದುದರಿಂದ ಆದೇಶದ ದೃಢೀಕೃತ ನಕಲುಗಳನ್ನು ಎರಡು ಮೂರು ತೆಗೆಸಬೇಕು. ಒಂದನ್ನು ಠಾಣೆಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಬೇಕು. ಉದ್ಘೋಷಣೆ ಬೇರೆ ತಾಲೂಕಿನ ಠಾಣೆಗೆ ಹೋಗಿದ್ದರೆ ಅಲ್ಲಿಯೂ ಹಾಗೆಯೇ. ಸ್ವೀಕೃತಿಯಿರುವ ಪ್ರತಿ ಮನೆಯಲ್ಲಿ ಪಹಣಿ, ಪಡಿತರ ಚೀಟಿಗಳ ಜೊತೆಗಿರಲಿ. ಅದು ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.